ನ್ಯೂಟ್ರಲ್‌ನಲ್ಲಿ ಉಳಿಸಿದ ಪೆಟ್ರೋಲ್

ಅವಳಿಗೆ ಎಡಗಾಲಿನಲ್ಲಿ ಬಲವಿರಲಿಲ್ಲ. ಮಲ್ಲೇಶ್ವರದ ಬಸ್ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ನನ್ನೆದುರೇ ಹಳೆಯ ಆಟೊಮ್ಯಾಟಿಕ್ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿಯನ್ನು ಮೂಸಿದಳು. ಪಕ್ಕದ ಸೀಟಿನಿಂದ ಅವಳ ಅಪ್ಪನೂ ಇಳಿದು ಬಂದರು.

“ಅಪ್ಪಾ, ಗೇರ್ ಆಯಿಲ್ ಸೀದು ಹೋಗಿದೆ.”

“ನಿನ್ನೆ ನಾನು ಓಡಿಸ್ದಾಗ ಚೆನ್ನಾಗಿತ್ತಲ್ಲ, ಶ್ರೀವಿದ್ಯಾ.”

“ಇವತ್ತು ಇಂಜಿನ್ ಬರೀ ಕಿರುಚ್ತಿದೆ. ನಾಲ್ಕು ಗೇರಲ್ಲಿ ಮೊದಲ್ನೇದು ಬಿಟ್ರೆ ಯಾವ್ದೂ ಬೀಳ್ತಿಲ್ಲ. ಇಳಿಜಾರಲ್ಲಿ ನ್ಯೂಟ್ರಲ್ ಮಾಡ್ತಿದ್ದೆಯಾ?”

“ಪೆಟ್ರೋಲ್ ಉಳಿಯತ್ತೆ ಅಂತ. ಹಿಂದಿನ ಗಾಡೀಲೂ ಹಾಗೇ ಮಾಡ್ತಿದ್ನಲ್ಲ.”

“ಅದಕ್ಕೆ ಎಡಗಾಲಲ್ಲಿ ಒತ್ತೋ ಕ್ಲಚ್ ಇತ್ತು. ಓಡ್ತಿರುವಾಗ್ಲೇ ವಾಪಸ್ ಗೇರಿಗೆ ತಳ್ಳಿದ್ರೆ ಇದರ ಒಳಗೆಲ್ಲ ಸುಟ್ಟೋಗತ್ತೆ.”

“ನಾಳೆಯಿಂದ ಸ್ಕೂಟರಲ್ಲಿ ನಾನೇ ಆಫೀಸಿಗೆ ಬಿಡ್ತೀನಮ್ಮ.”

“ನಾನೇ ಓಡಿಸೋಕಾಗೋದು ಇದೊಂದೇ ಅಪ್ಪಾ.”

ಅವರು ಬಾನೆಟ್ ಮುಚ್ಚಿದರು.

“ಹತ್ತು. ನೀನು ಉಳಿಸಿದ ಪೆಟ್ರೋಲಲ್ಲೇ ಮನೆಗೆ ಹೋಗೋಣ.”

ಕಾರು ನಡೆಯುವವರ ವೇಗದಲ್ಲಿ ಹೊರಟಿತು. ಮೂರು ಗೇರ್ ಹೋಗಿದ್ದವು.