ಬೀರುವಿನಲ್ಲಿದ್ದ ಕನ್ನಡಕ

ಹನ್ನೊಂದು ದಿನದ ವೆಂಟಿಲೇಟರಿಗೆ ಆ ಮನುಷ್ಯ ತೆತ್ತದ್ದು ಒಂಬತ್ತು ಕಿಲೋ ತೂಕ ಮತ್ತು ಗಂಟಲಿನ ದನಿ. ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದ ದರ್ಜಿಯ ಕಿವಿಗೆ ಮೊದಲು ಬಿದ್ದದ್ದು ಈ ಲೆಕ್ಕ. ಅವನ ಮುಂದೆ ಆ ರೋಗಿಯ ಹೆಂಡತಿ ತನ್ನ ತಮ್ಮನೊಂದಿಗೆ ನಿಂತಿದ್ದಳು.

“ಟ್ಯೂಬ್ ತೆಗೆದು ನಾಲ್ಕು ದಿನ ಆಯ್ತಲ್ಲಕ್ಕ. ಭಾವ ನಿನ್ನ ಗುರುತು ಹಿಡಿದ್ರಾ?”

“ಇವತ್ತು ಹಿಡಿದ್ರು. ನಿನ್ನೆವರೆಗೂ ಕತ್ತು ಹಿಸುಕೋಕೆ ಬಂದವಳು ಅಂದ್ಕೊಂಡಿದ್ರು.”

“ಡಾಕ್ಟರ್ ಏನಂತಾರೆ?”

“ಶ್ವಾಸಕೋಶದ ಸೋಂಕಿಗೆ ಮೈಯೆಲ್ಲ ಉರಿಯೂತ ಎದ್ದು, ಮಿದುಳನ್ನೂ ಕಲಕಿಬಿಟ್ಟಿತ್ತಂತೆ. ಅಂಥವರಿಗೆ ಕಣ್ಣು, ಕಿವಿಯಾದರೂ ಸರಿಯಾಗಿರಬೇಕಂತೆ. ಕನ್ನಡಕ, ಕಿವಿ ಮಷೀನು ಎಲ್ಲಿ ಅಂತ ಕೇಳಿದ್ರು.”

“ಎಲ್ಲಿತ್ತು?”

“ಬೀರುವಿನಲ್ಲಿ. ಇಲ್ಲಿ ಕಳೆದುಹೋದೀತು ಅಂತ ಮೊದಲ ದಿನವೇ ಮನೆಗೆ ಒಯ್ದು ಬೀಗ ಹಾಕಿದ್ದೆ.”

“ನೀನು ಸಕ್ಕರೆ ಡಬ್ಬಕ್ಕೂ ಬೀಗ ಹಾಕೋಳು ಬಿಡು.”

“ನಗಬೇಡ ಕಣೋ. ದಿನಾ ಕೈ ಹಿಡ್ಕೊಂಡು, ‘ನಾನೇ ರೀ, ಇಲ್ಲೇ ಇದ್ದೀನಿ’ ಅಂತಿದ್ದೆ. ಅವರಿಗೆ ಕಂಡದ್ದು ಬರೀ ಮಸುಕು, ಕೇಳಿದ್ದು ಬರೀ ಗುಂಯ್.”

“ಡಾಕ್ಟರ್ ನಿನ್ನದೇ ತಪ್ಪು ಅಂದ್ರಾ?”

“ಇಲ್ಲ. ರೋಗದ್ದೇ ಹೆಚ್ಚು ಅಂದ್ರು. ಹೆಚ್ಚು ಅಂದ್ರು ಅಷ್ಟೇ, ಪೂರ್ತಿ ಅನ್ನಲಿಲ್ಲ.”

ತಮ್ಮ ಲಿಫ್ಟಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದ.

“ಇವತ್ತು ಕನ್ನಡಕ ಹಾಕಿದ್ಯಾ?”

“ಎರಡನ್ನೂ ಹಾಕಿದೆ. ನನ್ನ ಮುಖ ನೋಡಿ, ದನಿಯಿಲ್ಲದೆ ತುಟಿಯಲ್ಲೇ, ‘ಇಷ್ಟು ದಿನ ಎಲ್ಲಿ ಹೋಗಿದ್ದೆ?’ ಅಂದ್ರು.”

“ನೀನೇನಂದೆ?”

“ಏನನ್ನಲಿ? ಕೆಲಸ ಇತ್ತು ಅಂದೆ.”

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು, ದರ್ಜಿ ಹತ್ತಲಿಲ್ಲ, ಬಾಗಿಲು ಮುಚ್ಚಿತು. ಅವಳ ಗಂಡ ಬದುಕಿ ಉಳಿದಿದ್ದ. ಹದಿನೈದು ದಿನ ಅವಳು ಅವನ ಪಕ್ಕದಲ್ಲೇ ಕೂತದ್ದು ಮಾತ್ರ ಅವನ ಪಾಲಿಗೆ ನಡೆದೇ ಇರಲಿಲ್ಲ.