ಬೇಗ ಮೊಂಡಾಗುವ ಚಾಕು

ಸ್ಪೇನಿನ ನಮ್ಮ ಔರೆನ್ಸೆ ಊರಲ್ಲಿ, ಚಾಕು-ಕತ್ತರಿ ಸಾಣೆ ಹಿಡಿಯುವವರು ಬೀದಿಯಲ್ಲಿ ಊದುವ ಕೊಳಲು ಕೇಳಿದರೆ ಮಳೆ ಬರುತ್ತದೆನ್ನುತ್ತಾರೆ. ಅಂದು ಅದು ಕೇಳಿಸಿತು. ಒಣಹಾಕುತ್ತಿದ್ದ ಬಟ್ಟೆಯನ್ನು ಒಳಗೆಳೆದು, ಕತ್ತರಿ ಹಿಡಿದು, ಮಗಳು ಸಾಬೆಲಾಳೊಂದಿಗೆ ಬೀದಿಗಿಳಿದೆ. ನಮಗಿಂತ ಮುಂದೆ ಪಕ್ಕದ ಮನೆಯ ಒಂಟಿ ಅಜ್ಜಿ ಬಾಲ್ಬಿನಾ ಚಾಕು ಹಿಡಿದು ನಿಂತಿದ್ದರು.

“ಮತ್ತೆ ಬಂದ್ರಾ? ಹೋದ ವಾರ ತಾನೇ ಹರಿತ ಮಾಡಿಕೊಟ್ಟೆ,” ಎಂದರು ಸಾಣೆಯ ಅಮಾರೊ.

“ಟೊಮೆಟೊನೂ ಕತ್ತರಿಸಲ್ಲ. ನಿಮ್ಮ ಸಾಣೆ ಅಷ್ಟೇ ಗಟ್ಟಿ!”

“ಇದು ಹಳೇ ಮೆದು ಉಕ್ಕು ಕಣ್ರೀ. ಸ್ವಲ್ಪ ಉಜ್ಜಿದ್ರೆ ಹರಿತ, ಅಷ್ಟೇ ಬೇಗ ಮೊಂಡು. ಸೊಸೆ ಕೊಟ್ಟ ಹೊಸ ಚಾಕು ಎಲ್ಲಿ?”

“ಪೆಟ್ಟಿಗೆಯಲ್ಲೇ ಮಲಗಿದೆ.”

“ಅದು ಗಟ್ಟಿ ಉಕ್ಕು. ಸಾಣೆ ಹಿಡಿಯೋಕೆ ನನ್ನ ಸೊಂಟ ಬಿದ್ದುಹೋಗುತ್ತೆ, ನಿಜ. ಆದ್ರೆ ಆಮೇಲೆ ವರ್ಷವಿಡೀ ನನ್ನ ಮುಖ ನೋಡ್ಬೇಕಾಗಿಲ್ಲ.”

“ಹಾಗಾದ್ರೆ ಅದು ನಂಗೆ ಬೇಡವೇ ಬೇಡ.”

ಸಾಣೆಯ ಚಕ್ರ ತುಳಿಯುತ್ತಿದ್ದ ಅಮಾರೊ ಅವರ ಕಾಲು ನಿಂತಿತು. ಮೀಸೆಯಡಿ ನಗು ಮೂಡಿತು. ನಾನು ಸಾಬೆಲಾಳ ಕೈ ಅದುಮಿದೆ. ಆದರೂ ಅವಳು ಕೇಳಿಯೇಬಿಟ್ಟಳು:

“ಅಜ್ಜೀ, ನೀವು ವಾರವಾರ ಬರೋದು ಚಾಕುಗೋಸ್ಕರಾನಾ, ಈ ತಾತನ್ನ ನೋಡೋಕಾ?”