ಬೆಕ್ಕುಗಣ್ಣಿನ ವಂಶ

ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಝಳಕಿ ಬಸ್ಸಿಗೆ ಕಾಯುತ್ತಿದ್ದ ವಿಜಯಶ್ರೀಯ ಕಿವಿ ಪಕ್ಕದ ಅಕ್ಕತಂಗಿಯರ ಮಾತಿನತ್ತಲೇ ಇತ್ತು.

“ಬಾದಶಹನ ಕಾಲಕ್ಕ ನಮ್ಮ ಹಿರ್ಯಾ ಇಟಲಿಯಿಂದ ತೋಪು ಎರಕ ಹೊಯ್ಯಾಕ ಬಂದಿದ್ನಂತ. ಖರೇನೋ ಏನೋ, ಡಿಎನ್‌ಎ ಟೆಸ್ಟ್ ಮಾಡಿಸೂಣಕ್ಕಾ,” ಎಂದಳು ತಂಗಿ ಬುಶ್ರಾ.

“ನನಗ್ಯಾಕವಾ? ನನ್ನ ಬೆಕ್ಕುಗಣ್ಣೇ ಸಾಕು,” ಎಂದಳು ಅಕ್ಕ ಫರಹತ.

“ಮಂದಿ ನಿನಗಷ್ಟ ಇಟಲಿಯಾಕಿ ಅಂತಾರ. ನಾನೇನು ಸಂತ್ಯಾಗ ಸಿಕ್ಕಾಕೇನು?”

“ಕನ್ನಡಿ ನೋಡ್ಕೋ.”

“ಹತ್ತು ತಲಿಮಾರು ದಾಟಿದ ಮ್ಯಾಲೆ ಕಣ್ಣು ನೋಡಿ ಹೇಳಾಕ ಬರಂಗಿಲ್ಲಂತ. ಟೆಸ್ಟಿಗೆ ಕೊಟ್ಟ ಒಬ್ಬಾಕಿ ಉಗುಳಿನ್ಯಾಗ ಇಟಲಿ ಸಿಗತೈತಿ, ಒಡಹುಟ್ಟಿದಾಕಿಗೆ ಸಿಗೂದಿಲ್ಲಂತ.”

“ಯಾವಾಕಿಗೆ ಸಿಗೂದಿಲ್ಲ?”

“ಅದನ್ನ ನೋಡೂಣಂತೇನಿ. ನೀ ಬ್ಯಾಡಂದ್ರ ನಾ ಒಬ್ಬಾಕೇ ಹೋಗ್ತೇನಿ.”

ಬಸ್ಸು ಬಂತು. ಬುಶ್ರಾ ನಗುತ್ತ ಮುಂದೆ ಹತ್ತಿದಳು.

“ಒಬ್ಬಾಕೇ ಹೆಂಗ ಹೋಗ್ತಿ? ನಿಂದರ, ನಾನೂ ಉಗುಳ್ತೇನಿ!” ಎನ್ನುತ್ತ ಫರಹತ ಹಿಂದೆಯೇ ನುಗ್ಗಿದಳು.